ನಿನ್ನೆ ಏನು ತಿಂದೆ ಎಂದು ಕೇಳಿದವರು

ಬಸುರಿಯ ಊಟದ ವಿಷಯದಲ್ಲಿ ಸಲಹೆ ಕೊಡಲಾರದವರು ಈ ಲೋಕದಲ್ಲಿ ಯಾರೂ ಇಲ್ಲ. ಅತ್ತೆ ಒಂದು ಹೇಳುತ್ತಾರೆ, ತಾಯಿ ಇನ್ನೊಂದು ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತರು ಇಳಿಯುವ ಮೊದಲು ಮೂರನೆಯದನ್ನು ಹೇಳಿಯೇ ಇಳಿಯುತ್ತಾರೆ. ಇಷ್ಟು ಗದ್ದಲದ ನಡುವೆ ಮೂವತ್ತಮೂರು ವರ್ಷಗಳ ಕಾಲ ಒಂದೇ ಹೆರಿಗೆ ಆಸ್ಪತ್ರೆಯಲ್ಲಿ ಕುಳಿತು, ಹೇಳುವುದಕ್ಕಿಂತ ಮೊದಲು ಕೇಳಬೇಕು ಎಂಬುದನ್ನು ಒಂದು ವ್ರತದಂತೆ ನಡೆಸಿಕೊಂಡು ಬಂದವರು ನಮ್ಮ ಆಹಾರ ವಿಭಾಗದ ಮುಖ್ಯಸ್ಥರು. ಗರ್ಭಿಣಿಯರ ಪಿತ್ತಕೋಶದ ತೊಂದರೆಗೆ ಊಟದ ಕ್ರಮ ಹೇಗಿರಬೇಕೆಂಬ ವಿಷಯದಲ್ಲಿ ಇಂದು ಅವರ ಮಾತಿಗೆ ಶಸ್ತ್ರಚಿಕಿತ್ಸಕರೂ ಕಿವಿಗೊಡುತ್ತಾರೆ. ಅವರ ವಯೋನಿವೃತ್ತಿಯ ಈ ಸಂದರ್ಭದಲ್ಲಿ ಹೊರಬರುತ್ತಿರುವ ಸಂಪುಟಕ್ಕೆ ‘ಒಂದು ಸಿಹಿ ನೆನಪು’ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ನನ್ನನ್ನು ಕೇಳಿದರು. ನನ್ನ ಬಳಿ ಇರುವುದು ಸಿಹಿಯಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ.

ಸಮಿತಿಯವರು ಲೇಖಕರೆಲ್ಲರಿಗೂ ಮೇಡಂ ಅವರ ಸೇವಾ ವಿವರದ ಪ್ರತಿಯನ್ನು ಕಳಿಸಿದ್ದಾರೆ. ಅದರ ಎರಡನೆಯ ಪುಟದಲ್ಲಿ, ಪ್ರಶಸ್ತಿಗಳ ಪಟ್ಟಿಯ ಕೆಳಗೆ, ಒಂದು ಒಣ ಸಾಲಿದೆ: ‘ತಪ್ಪಾದ ಆಹಾರ ಸೂಚನೆ ನೀಡಿದ್ದಕ್ಕಾಗಿ ಒಮ್ಮೆ ಲಿಖಿತ ಎಚ್ಚರಿಕೆ.’ ಈ ಸಾಲನ್ನು ಸಂಪುಟದಲ್ಲಿ ಕೈಬಿಡೋಣವೆಂದು ಸಮಿತಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಕೈಬಿಡಬೇಡಿ ಎಂದು ಕೇಳಿಕೊಳ್ಳುವುದಕ್ಕೇ ನಾನು ಈ ಲೇಖನ ಬರೆಯುತ್ತಿದ್ದೇನೆ.

ಅವರು ಸೇವೆಗೆ ಸೇರಿದಾಗ ನಮ್ಮ ಆಸ್ಪತ್ರೆಯಲ್ಲಿ ಆಹಾರ ವಿಭಾಗ ಎಂಬುದೇ ಇರಲಿಲ್ಲವಂತೆ. ಅಡುಗೆಮನೆಯ ಉಗ್ರಾಣದ ಪಕ್ಕದಲ್ಲಿ, ಈರುಳ್ಳಿ ಮೂಟೆಗಳ ನಡುವೆ, ಅವರಿಗೊಂದು ಮೇಜು ಹಾಕಿಕೊಟ್ಟಿದ್ದರು. ಮೊದಲ ತಿಂಗಳಲ್ಲಿ ಅವರು ಮಾಡಿದ ಕೆಲಸವೆಂದರೆ ಹಿರಿಯ ಅಡುಗೆಯವರ ‘ಒಂದು ಚಮಚ ಎಣ್ಣೆ’ಯನ್ನು ಅಳೆದು ನೋಡಿದ್ದು. ಅದು ಮೂರೂವರೆ ಚಮಚವಿತ್ತು. ಅವರು ವಾದಕ್ಕೆ ಹೋಗಲಿಲ್ಲ. ಮರುದಿನ ಒಂದು ಪುಟ್ಟ ಸ್ಟೀಲಿನ ಚಮಚ ತಂದು ದಾರದಿಂದ ಎಣ್ಣೆ ಡಬ್ಬಿಗೆ ಕಟ್ಟಿಹಾಕಿದರು. ಅಡುಗೆಯವರು ಒಂದು ವಾರ ಮೂಗು ಮುರಿದರು, ಎರಡನೆಯ ವಾರ ಬಳಸತೊಡಗಿದರು. ಡಬ್ಬಿ ಎಷ್ಟೋ ಸಲ ಬದಲಾಗಿದೆ, ಚಮಚ ಇಂದಿಗೂ ಅದೇ.

ಅವರ ಇನ್ನೊಂದು ಪದ್ಧತಿಯಿಂದ ಅವರಿಗೆ ‘ನಿನ್ನೆ ಮೇಡಂ’ ಎಂಬ ಹೆಸರೇ ಬಿದ್ದುಹೋಯಿತು. ರೋಗಿಯ ಬಳಿ ಕುಳಿತು ‘ದಿನಾ ಏನು ತಿನ್ನುತ್ತೀಯ’ ಎಂದು ಅವರು ಎಂದೂ ಕೇಳಿದವರಲ್ಲ. ‘ನಿನ್ನೆ ಏನು ತಿಂದೆ’ ಎಂದೇ ಕೇಳುವರು. ಎದ್ದ ಗಳಿಗೆಯಿಂದ ಮಲಗುವವರೆಗೆ, ಬಾಯಿಗೆ ಹೋದದ್ದೆಲ್ಲವೂ ಅವರ ಉದ್ದನೆಯ ಪುಸ್ತಕದಲ್ಲಿ ಇಳಿಯಬೇಕು. ‘ದಿನಾ ಅಂತ ಕೇಳಿದ್ರೆ ಜನ ಮರ್ಯಾದೆಗೆ ಉತ್ತರ ಕೊಡ್ತಾರೆ. ನಿನ್ನೆ ಅಂತ ಕೇಳಿದ್ರೆ ಹೊಟ್ಟೆ ಉತ್ತರ ಕೊಡುತ್ತೆ’ ಎಂದು ನಾನು ಕೆಲಸಕ್ಕೆ ಸೇರಿದ ದಿನ ಹೇಳಿದ್ದರು. ಅದರ ಜೊತೆಗೆ ಒಂದು ಕಟ್ಟಳೆಯನ್ನೂ ಹಾಕಿದ್ದರು: ಯಾವುದೇ ಪಥ್ಯದ ಹಾಳೆ ಬರೆದವರು ಅದನ್ನು ರೋಗಿಗೆ ಕೊಡುವ ಮೊದಲು ತಾವು ಒಂದು ಪೂರ್ತಿ ದಿನ ಅದರ ಪ್ರಕಾರವೇ ಉಣ್ಣಬೇಕು, ಆಮೇಲೆ ಅವರ ಸಹಿಗೆ ತರಬೇಕು.

ನಾನು ಸೇರಿದ್ದು ಇಪ್ಪತ್ತೊಂದು ವರ್ಷದ ಹಿಂದೆ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಬಿಸಿ ಇನ್ನೂ ಆರಿರಲಿಲ್ಲ. ಸೇರಿ ಐದು ತಿಂಗಳಾಗಿತ್ತು, ಮೇಡಂ ತಮ್ಮ ಅಕ್ಕನ ಕಾಯಿಲೆಯ ನಿಮಿತ್ತ ಒಂದು ತಿಂಗಳ ರಜೆಯ ಮೇಲೆ ಹೋದರು. ಆ ಅವಧಿಯಲ್ಲಿ ನನಗೆ ಕೊಂಬು ಮೂಡಿತು. ಪಿತ್ತಕೋಶದಲ್ಲಿ ಕಲ್ಲಿರುವ ಗರ್ಭಿಣಿಯರಿಗಾಗಿ ನಾನೇ ಒಂದು ಹಾಳೆ ತಯಾರಿಸಿದೆ. ಎಡಗಡೆ ಕೆಂಪು ಅಕ್ಷರದಲ್ಲಿ ‘ಬೇಡ’, ಬಲಗಡೆ ಹಸಿರು ಅಕ್ಷರದಲ್ಲಿ ‘ತಿನ್ನಬಹುದು’. ಬೇಡದ ಪಟ್ಟಿಯಲ್ಲಿ ಮೂವತ್ತೆಂಟು ಪದಾರ್ಥಗಳಿದ್ದವು, ತಿನ್ನಬಹುದಾದದ್ದು ಒಂಬತ್ತು. ಎಣ್ಣೆ, ಬೆಣ್ಣೆ, ಮೊಟ್ಟೆ, ಹಾಲು, ಕಾಳು, ಬೀಜ ಎಲ್ಲವೂ ಕೆಂಪಿನಲ್ಲೇ. ಜಿಡ್ಡು ತಿಂದರೆ ತಾನೇ ನೋವು, ಜಿಡ್ಡೇ ಇಲ್ಲದಿದ್ದರೆ ನೋವೆಲ್ಲಿಯದು ಎಂಬುದು ನನ್ನ ಲೆಕ್ಕ. ಅಡುಗೆಮನೆಯವರು ಅದನ್ನು ನೋಡಿ ನನಗೆ ‘ಬೇಡಮ್ಮ’ ಎಂದು ಹೆಸರಿಟ್ಟರು. ಅಸೂಯೆಯಿಂದ ಅನ್ನುತ್ತಿದ್ದಾರೆ ಎಂದುಕೊಂಡೆ. ಒಂದು ದಿನ ಅದರ ಪ್ರಕಾರ ನಾನು ಉಣ್ಣಲಿಲ್ಲ, ಮೇಡಂ ಬರುವವರೆಗೆ ಕಾಯಲೂ ಇಲ್ಲ. ಕೆಳಗಡೆ ವಿಭಾಗದ ಮೊಹರು ಒತ್ತಿ ಹಂಚತೊಡಗಿದೆ.

ಮೊದಲ ಪ್ರತಿ ಹೋದದ್ದು ಒಬ್ಬ ಹೊಲಿಗೆಯಾಕೆಗೆ. ಐದು ತಿಂಗಳ ಬಸುರಿ. ಹಿಂದಿನ ವರ್ಷ ಏಳನೆಯ ತಿಂಗಳಲ್ಲಿ ಒಂದು ಮಗುವನ್ನು ಕಳೆದುಕೊಂಡಿದ್ದಳು. ಈ ಸಲ ಊಟವಾದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡಿದಂಥ ನೋವು ಬಂದು, ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಸಣ್ಣ ಕಲ್ಲುಗಳು ಕಂಡಿದ್ದವು. ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ‘ಇದರಲ್ಲಿರೋ ಹಾಗೆ ಮಾಡಿದ್ರೆ ಮಗು ಉಳಿಯುತ್ತಲ್ವಾ?’ ಎಂದು ಕೇಳಿದಳು. ಉಳಿಯುತ್ತೆ ಎಂದೆ.

ಇಪ್ಪತ್ತೈದು ದಿನಗಳ ನಂತರ ಅವಳನ್ನು ವಾರ್ಡಿಗೆ ಸೇರಿಸಿದರು. ತೂಕ ನಾಲ್ಕು ಕಿಲೋ ಇಳಿದಿತ್ತು. ಹೊಟ್ಟೆಯ ಅಳತೆ ಬೆಳೆಯಬೇಕಾದಷ್ಟು ಬೆಳೆದಿರಲಿಲ್ಲ. ನೋವು ವಾರಕ್ಕೆರಡು ಸಲ ಬರುತ್ತಿತ್ತು. ದಾಖಲೆಯಲ್ಲಿ ಯಾರೋ ‘ಪಥ್ಯ ಪಾಲಿಸಿಲ್ಲ’ ಎಂದು ಬರೆದಿದ್ದರು, ಅದನ್ನು ಓದಿದ ನಾನು ಹಾಸಿಗೆಯ ಬಳಿ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ‘ಕದ್ದು ಮುಚ್ಚಿ ಏನು ತಿಂದ್ರಿ? ಹಾಳೆ ಕೊಟ್ಟಿದ್ದು ಯಾತಕ್ಕೆ?’ ಎಂದೆ. ಅವಳು ಕಂಬಳಿಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ತಡವುತ್ತಿದ್ದಳು. ಅವಳ ಅತ್ತೆ ಪಕ್ಕದಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಮೇಡಂ ರಜೆ ಮುಗಿಸಿ ಬಂದದ್ದು ಅಂದೇ ಬೆಳಿಗ್ಗೆ. ಸ್ಟೂಲು ಎಳೆದುಕೊಂಡು ಕುಳಿತರು, ಪುಸ್ತಕ ಬಿಚ್ಚಿದರು.

‘ನಿನ್ನೆ ಎಷ್ಟು ಹೊತ್ತಿಗೆ ಎದ್ದೆ ಮಗಳೇ?’

‘ಆರು ಗಂಟೆಗೆ.’

‘ಮೊದಲು ಬಾಯಿಗೆ ಏನು ಹೋಯ್ತು?’

‘ನೀರು. ಆಮೇಲೆ ಮಿಷನ್ ಮುಂದೆ ಕೂತೆ.’

‘ತಿಂಡಿ?’

‘ತಿಂದ್ರೆ ನೋವು ಬರುತ್ತಲ್ಲ ಮೇಡಂ. ಅದಕ್ಕೆ ಮುಂದಕ್ಕೆ ಹಾಕ್ತೀನಿ. ಎರಡು ಗಂಟೆಗೆ ಅರ್ಧ ತಟ್ಟೆ ಅನ್ನ, ಬೇಯಿಸಿದ ತರಕಾರಿ.’

‘ಸಂಜೆ?’

‘ಸೇಬು. ಒಂದು ಹೋಳು.’

‘ರಾತ್ರಿ?’

‘ಗಂಜಿ ತಿಳಿ.’

ಮೇಡಂ ಬರೆಯುವುದನ್ನು ನಿಲ್ಲಿಸಿದರು. ಆಗ ಅತ್ತೆ ತಮ್ಮ ಚೀಲದಿಂದ, ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿ ಇಟ್ಟಿದ್ದ ನನ್ನ ಹಾಳೆಯನ್ನು ತೆಗೆದರು. ‘ಇದರಲ್ಲಿ ಬೇಡ ಅಂದಿದ್ದು ಒಂದು ಹನಿಯೂ ಕೊಟ್ಟಿಲ್ಲ ತಾಯಿ. ಎಣ್ಣೆ ಡಬ್ಬಿ ಪಕ್ಕದ ಮನೇಲಿ ಇಟ್ಟುಬಿಟ್ಟಿದೀನಿ. ಅವಳೊಬ್ಬಳಿಗೆ ಬಾಯಿ ಕಟ್ಟಿಸೋದು ಬೇಡ ಅಂತ ನಾನು, ನನ್ನ ಮಗ ಎಲ್ಲರೂ ಇದನ್ನೇ ತಿಂತಿದೀವಿ’ ಎಂದರು. ಆ ಮನೆಯ ಮೂರು ಜನ ಇಪ್ಪತ್ತೈದು ದಿನ ನನ್ನ ಕೆಂಪು ಅಕ್ಷರಗಳಿಗೆ ತಲೆಬಾಗಿ ಬದುಕಿದ್ದರು, ನಾನು ಅವರನ್ನು ಕಳ್ಳರೆಂದು ಬೈದಿದ್ದೆ.

ಮೇಡಂ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಸಹಿ ಇರಬೇಕಾದ ಜಾಗದಲ್ಲಿ ಬರೀ ಮೊಹರಿತ್ತು.  ಅವರು ನನ್ನ ಕಡೆ ನೋಡಲಿಲ್ಲ. ಅತ್ತೆಯ ಕೈ ಹಿಡಿದುಕೊಂಡು, ‘ನೀವು ತಪ್ಪು ಮಾಡಿಲ್ಲಮ್ಮ. ಹೇಳಿದ್ದನ್ನ ಹೇಳಿದ ಹಾಗೇ ಮಾಡಿದೀರಿ. ತಪ್ಪು ಹಾಳೆಯದು’ ಎಂದರು. ನಾನು ಹಿಂದೆ ತಟ್ಟೆ ಹಿಡಿದು ನಿಂತಿದ್ದೆ. ಆ ಹಾಳೆ ನನ್ನದೆಂದು ಹೇಳಲು ನನಗೆ ಎರಡು ಹೆಜ್ಜೆ ಮುಂದೆ ಬಂದರೆ ಸಾಕಿತ್ತು. ಬರಲಿಲ್ಲ.

ಏನಾಗಿತ್ತೆಂದು ಅಂದು ಮಧ್ಯಾಹ್ನ ಮೇಡಂ ನನಗೆ ವಿವರಿಸಿದರು. ಪಿತ್ತಕೋಶವೆಂಬುದು ಒಂದು ಪುಟ್ಟ ಚೀಲ, ಊಟ ಬಂದಾಗ ಹಿಂಡಿಕೊಂಡು ಪಿತ್ತರಸ ಸುರಿಸಬೇಕು. ಬಸುರಿನಲ್ಲಿ ಅದು ಮೊದಲೇ ಮೈಗಳ್ಳನಾಗಿರುತ್ತದೆ. ದೊಡ್ಡ ಜಿಡ್ಡಿನೂಟ ಕೊಟ್ಟರೆ ಒಮ್ಮೆಲೇ ಹಿಂಡಿಕೊಂಡು ನೋವು ಕೊಡುವುದು ಎಷ್ಟು ನಿಜವೋ, ಉಪವಾಸ ಹಾಕಿದರೆ ರಸ ಒಳಗೇ ನಿಂತು ಗಟ್ಟಿಯಾಗುವುದೂ ಅಷ್ಟೇ ನಿಜ. ತೂಕ ಸರಸರನೆ ಇಳಿದರಂತೂ ಕಲ್ಲಿಗೆ ಇನ್ನಷ್ಟು ಅನುಕೂಲ. ‘ನೀನು ನೋವನ್ನ ನೋಡಿದೆ, ಹಸಿವನ್ನ ನೋಡಲಿಲ್ಲ’ ಎಂದರು. ಅಷ್ಟೇ ಬೈಗುಳ.

ಶಸ್ತ್ರಚಿಕಿತ್ಸಕರು ಒಳ್ಳೆಯವರು, ಮಾತು ಮಾತ್ರ ಕತ್ತರಿಸಿದ ಹಾಗೆ. ‘ಆಪರೇಷನ್ ಮಾಡೋದಾದ್ರೆ ಇದೇ ಸರಿಯಾದ ಕಾಲ, ಹೊಟ್ಟೆ ದೊಡ್ಡದಾದಷ್ಟೂ ಕಷ್ಟ’ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಮೇಡಂ ಅದನ್ನು ಒಪ್ಪಿಕೊಂಡೇ ಮಾತಾಡಿದರು.

‘ನಾನು ಬೇಡ ಅಂತಿಲ್ಲ ಡಾಕ್ಟ್ರೇ. ಈ ಮೈಯಲ್ಲಿ ತಡ್ಕೊಳ್ಳೋ ಶಕ್ತಿ ಇಲ್ಲ. ಐದು ದಿನ ಕೊಡಿ, ಊಟ ಹಾಕ್ತೀನಿ. ಮಧ್ಯೆ ಜ್ವರ ಬಂದ್ರೆ, ಕಣ್ಣು ಹಳದಿ ಆದ್ರೆ, ನೋವು ಬಿಡದೇ ಹೋದ್ರೆ, ನಾನೇ ಬಂದು ನಿಮ್ಮ ಬಾಗಿಲು ತಟ್ತೀನಿ.’

‘ತಡವಾದ್ರೆ?’

‘ತಡ ಮಾಡಲ್ಲ. ಅವಳ ಪಕ್ಕದಲ್ಲೇ ಇರ್ತೀನಿ.’

ಐದು ದಿನ ಎಂದರು ಡಾಕ್ಟರು, ಆರನೆಯ ದಿನಕ್ಕೆ ಶಸ್ತ್ರಚಿಕಿತ್ಸೆಯ ಕೋಣೆಯನ್ನೂ ಕಾಯ್ದಿರಿಸಿದರು.

ಆ ಐದು ದಿನಗಳು ನನಗೆ ಇಂದಿಗೂ ಗಂಟೆ ಗಂಟೆಯಾಗಿ ನೆನಪಿವೆ. ದಿನಕ್ಕೆ ಆರು ಪುಟ್ಟ ಊಟ, ಎರಡೂವರೆ ಗಂಟೆಗೊಂದು. ಒಂದು ಮೊಟ್ಟೆ, ಒಂದು ಬಟ್ಟಲು ಬೇಳೆ, ತೆಳು ಮೊಸರು, ಬೇಯಿಸಿದ ಆಲೂಗಡ್ಡೆ, ಹಣ್ಣು, ಬ್ರೆಡ್ಡು. ಡಬ್ಬಿಗೆ ಕಟ್ಟಿದ ಆ ಚಮಚದಲ್ಲಿ ಅಳೆದ ಎಣ್ಣೆ, ಒಂದೇ ಹೊತ್ತಿಗೆ ಸುರಿಯದೆ ದಿನವಿಡೀ ಹಂಚಿ. ಎಣ್ಣೆಯ ಹೊಳಪು ಕಂಡರೆ ಹೊಲಿಗೆಯಾಕೆ ತಟ್ಟೆ ದೂಡುತ್ತಿದ್ದಳು, ಅದನ್ನು ಅವಳಿಗೆ ಕಲಿಸಿದವಳು ನಾನೇ. ಮೇಡಂ ತಮಗೂ ಅದೇ ಅಳತೆಯ ತಟ್ಟೆ ತರಿಸಿಕೊಂಡು ಎದುರಿಗೆ ಕುಳಿತು, ಅವಳು ಒಂದು ತುತ್ತು ತಿಂದರೆ ತಾವೊಂದು ತುತ್ತು ತಿಂದರು. ಪ್ರತಿ ಊಟದ ನಂತರ ಒಂದು ಗಂಟೆ ನೋವು ಬರುತ್ತದೆಯೇ ಎಂದು ಕಾಯುತ್ತಿದ್ದೆವು. ಅತ್ತೆ ಗೋಡೆಯ ಗಡಿಯಾರ ನೋಡುತ್ತಿದ್ದರು, ನಾನು ಅವಳ ಬಲಗೈ ಪಕ್ಕೆಯ ಕಡೆಗೆ ಹೋಗುತ್ತದೆಯೇ ಎಂದು ನೋಡುತ್ತಿದ್ದೆ.

ಮೂರನೆಯ ದಿನ ಕೈ ಪಕ್ಕೆಗೆ ಹೋಯಿತು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಸರದಿ ಉದ್ದವಾಗಿ ಅವಳಿಗೆ ಹತ್ತೂವರೆಯ ಊಟ ತಪ್ಪಿತ್ತು. ವಾಪಸು ಬಂದ ಹಸಿವಿನಲ್ಲಿ ಎರಡು ಹೊತ್ತಿನದನ್ನು ಒಟ್ಟಿಗೆ ತಿಂದಳು. ಮೇಡಂ ಆಗ ಬೇರೆ ವಾರ್ಡಿನಲ್ಲಿದ್ದರು, ಹೊತ್ತು ನೋಡಬೇಕಾದವಳು ನಾನು, ಅವಳು ತಿನ್ನುತ್ತಿದ್ದಾಳಲ್ಲ ಎಂಬ ಸಂತೋಷದಲ್ಲಿ ತಡೆಯಲಿಲ್ಲ. ಮುಕ್ಕಾಲು ಗಂಟೆಗೆ ಅವಳು ಮಂಚದ ಸರಳು ಹಿಡಿದುಕೊಂಡಳು. ಮೇಡಂ ಓಡಿ ಬಂದಾಗ ಅವಳ ಹಣೆಯಲ್ಲಿ ಬೆವರಿಳಿಯುತ್ತಿತ್ತು.

‘ಡಾಕ್ಟರಿಗೆ ಹೇಳಬೇಡಿ ಮೇಡಂ. ಹೇಳಿದ್ರೆ ಕೊಯ್ದುಬಿಡ್ತಾರೆ. ಮಗು...’

‘ಹೇಳ್ಲೇಬೇಕು ಮಗಳೇ. ಮುಚ್ಚಿಟ್ಟು ಉಳಿಸ್ಕೊಳ್ಳೋ ಮಗು ಅಲ್ಲ ಇದು’ ಎಂದರು ಮೇಡಂ. ಡಾಕ್ಟರನ್ನು ಕರೆಯಲು ನನ್ನನ್ನೇ ಓಡಿಸಿದರು.

ಅವರ ಐದು ದಿನದ ಮಾತು ಅಲ್ಲಿಗೆ ಮುರಿದುಬೀಳಬಹುದಿತ್ತು, ಅವರಿಗದು ಗೊತ್ತಿತ್ತು. ಡಾಕ್ಟರು ಬಂದರು, ಹೊಟ್ಟೆ ಮುಟ್ಟಿ ನೋಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು, ರಕ್ತ ತೆಗೆಸಿದರು, ನೋವಿಗೆ ಔಷಧಿ ಕೊಟ್ಟರು. ಮಗುವಿನ ಎದೆಬಡಿತ ಕೇಳಲು ನರ್ಸು ಯಂತ್ರ ಹಚ್ಚಿದಾಗ ಮೊದಲ ಕೆಲವು ಕ್ಷಣ ಬರೀ ಗರಗರ ಸದ್ದು. ಅತ್ತೆ ನನ್ನ ತೋಳು ಹಿಡಿದ ಬಿಗಿ ನನಗಿನ್ನೂ ನೆನಪಿದೆ. ಆಮೇಲೆ ಬಡಿತ ಸಿಕ್ಕಿತು. ಐವತ್ತು ನಿಮಿಷಕ್ಕೆ ನೋವು ಇಳಿಯಿತು. ಜ್ವರವಿರಲಿಲ್ಲ, ರಕ್ತದಲ್ಲಿ ಸೋಂಕೂ ಕಾಣಲಿಲ್ಲ. ಡಾಕ್ಟರು ಹೊರಡುವಾಗ ಬಾಗಿಲಲ್ಲಿ ನಿಂತು, ‘ಇನ್ನೆರಡು ದಿನ ಇದೆಯಲ್ಲ, ನಡೆಸಿ’ ಎಂದರು. ಹೇಳದೆ ಮುಚ್ಚಿಟ್ಟಿದ್ದರೆ ಆ ಎರಡು ದಿನ ಅವರು ಕೊಡುತ್ತಿರಲಿಲ್ಲವೆಂದು ನನಗನ್ನಿಸಿತು.

ಆರನೆಯ ದಿನ ಕಾಯ್ದಿರಿಸಿದ ಕೋಣೆ ಬೇರೆಯವರಿಗೆ ಹೋಯಿತು. ಊಟದಿಂದ ಕಲ್ಲು ಕರಗಿತೆಂದು ಯಾರೂ ತಿಳಿಯಬಾರದು. ಕಲ್ಲು ಇದ್ದಲ್ಲೇ ಇತ್ತು, ಹೆರಿಗೆಯಾಗಿ ಎರಡು ತಿಂಗಳಿಗೆ ಅದೇ ಡಾಕ್ಟರು ಪಿತ್ತಕೋಶವನ್ನು ತೆಗೆದರು. ಊಟದಿಂದ ಆದದ್ದೆಂದರೆ ತೂಕ ಏರಿತು, ನೋವು ದೂರವಾಯಿತು, ಒಂಬತ್ತು ತಿಂಗಳು ತುಂಬಿ ಒಂದು ಹೆಣ್ಣುಮಗು ಜೋರಾಗಿ ಅಳುತ್ತ ಹುಟ್ಟಿತು.

ಇಷ್ಟರಲ್ಲಿ ಅಧೀಕ್ಷಕರ ಕಚೇರಿಯಿಂದ ವಿಚಾರಣೆ ಬಂದಿತ್ತು. ಆ ಹಾಳೆ ಬರೆದವರು ಯಾರೆಂದು ಅವರು ಕೇಳಿದಾಗ ನಾನು ದಾಖಲೆಗಳನ್ನು ಹಿಡಿದು ಬಾಗಿಲ ಬಳಿಯೇ ಇದ್ದೆ. ‘ನನ್ನ ವಿಭಾಗದಿಂದ ಹೋದ ಹಾಳೆ ಸರ್. ಜವಾಬ್ದಾರಿ ನನ್ನದು’ ಎಂದರು ಮೇಡಂ. ಬರೆದವಳು ನಾನೆಂದು ನಾನು ಆಗಲೂ ಹೇಳಲಿಲ್ಲ. ಲಿಖಿತ ಎಚ್ಚರಿಕೆ ಬಂತು, ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಮೂರು ವರ್ಷ ಮುಂದಕ್ಕೆ ಹೋಯಿತು. ಕೋಣೆಗೆ ಬಂದ ಮೇಲೆ ಅವರು ನನಗೆ ವಿಧಿಸಿದ್ದು ಇಷ್ಟೇ: ನನ್ನ ಹಾಳೆಯ ಪ್ರಕಾರ ಮೂರು ದಿನ ನಾನು ಉಣ್ಣಬೇಕು. ಎರಡನೆಯ ದಿನವೇ ನನಗೆ ತಲೆ ಸುತ್ತಿ, ಸಿಕ್ಕಸಿಕ್ಕವರ ಮೇಲೆ ರೇಗಿ, ಮೂರನೆಯ ದಿನ ಉಗ್ರಾಣದ ಬಾಗಿಲಿಗೆ ಒರಗಿ ಅತ್ತುಬಿಟ್ಟೆ. ನನ್ನ ಹೊಟ್ಟೆಯಲ್ಲಿ ಮಗುವಿರಲಿಲ್ಲ, ಹೊಲಿಗೆ ಮಿಷನ್ ತುಳಿಯುವ ಕೆಲಸವೂ ನನಗಿರಲಿಲ್ಲ.

ಅನಂತರ ನಾವಿಬ್ಬರೂ ಕುಳಿತು ಬರೆದ ಹಾಳೆಯೇ ಇಂದಿಗೂ ನಮ್ಮಲ್ಲಿ ನಡೆಯುತ್ತಿದೆ. ಅದು ಬೇಡಗಳ ಪಟ್ಟಿಯಲ್ಲ. ಹೊತ್ತು ತಪ್ಪಿಸಬೇಡ ಎಂಬುದೇ ಅದರ ಮೊದಲ ಸಾಲು. ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಗಂಟೆಗೊಮ್ಮೆ ತಿನ್ನು, ಎಣ್ಣೆಯನ್ನು ಬಿಡದೆ ಅಳೆದು ಹಾಕು, ಕರಿದದ್ದನ್ನು ದೂರವಿಡು, ಕಾಳು ತರಕಾರಿ ಹಣ್ಣುಗಳನ್ನು ಹತ್ತಿರವಿಡು, ಈ ತಿಂಗಳುಗಳಲ್ಲಿ ತೂಕ ಇಳಿಸುವ ಯೋಚನೆ ಮಾಡಬೇಡ. ಜ್ವರ, ಹಳದಿ ಕಣ್ಣು, ಬಿಡದ ನೋವು ಅಥವಾ ವಾಂತಿ, ಮೈ ತುರಿಕೆ ಕಂಡರೆ ಯಾರ ಸಲಹೆಗೂ ಕಾಯದೆ ನೇರ ಆಸ್ಪತ್ರೆಗೆ ಬಾ ಎಂದು ಅದರಲ್ಲಿದೆ. ಹಂಚುವ ಮೊದಲು ಒಂದು ದಿನ ನಾನು ಅದರಂತೆ ಉಂಡೆ, ಆಮೇಲೆ ಮೇಡಂ ಸಹಿ ಹಾಕಿದರು.

ಇಪ್ಪತ್ತೊಂದು ವರ್ಷ ಅವರು ಆ ಎಚ್ಚರಿಕೆಯ ಮಾತನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವರ ಮೌನ ದೊಡ್ಡತನ, ನನ್ನದು ಹೇಡಿತನ. ಸಮಿತಿಯ ಕಾಗದ ಬಂದ ಮೇಲೆ, ಕಳೆದ ತಿಂಗಳು, ಧೈರ್ಯ ಮಾಡಿ ಹೊಲಿಗೆಯಾಕೆಯ ಅಂಗಡಿಗೆ ಹೋದೆ. ಇಸ್ತ್ರಿಯ ಬಿಸಿ, ಬಣ್ಣಬಣ್ಣದ ದಾರದ ಉಂಡೆಗಳು, ಅವಳ ಕತ್ತಿನಲ್ಲಿ ಅಳತೆಯ ಟೇಪು. ಇಪ್ಪತ್ತರ ಮಗಳು ಒಳಗೆ ಕುಳಿತು ಕೋಟೊಂದಕ್ಕೆ ಗುಂಡಿ ಹಚ್ಚುತ್ತಿದ್ದಳು.  ಆ ಹಾಳೆ ಬರೆದವಳು ನಾನು, ಮೇಡಂ ಅಲ್ಲ ಎಂದು ಹೇಳಿದೆ.

ಹೊಲಿಗೆಯಾಕೆ ಕತ್ತರಿ ಕೆಳಗಿಟ್ಟಳು. ‘ಗೊತ್ತಿತ್ತಲ್ಲ. ಕೈಗೆ ಕೊಟ್ಟಿದ್ದು ನೀವೇ ಅಲ್ವಾ?’

‘ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?’

‘ನಮ್ಮತ್ತೆ ಅಧೀಕ್ಷಕರ ಹತ್ರ ಹೋಗಿ ಹೇಳೇಬಿಡ್ತೀನಿ ಅಂತ ಎದ್ದಿದ್ರು. ಮೇಡಮ್ಮೇ ಬೇಡ ಅಂದ್ರು. ಇವಳನ್ನ ಕಳಿಸಿಬಿಟ್ರೆ ನಾಳೆ ಬರೋ ಹೊಸ ಹುಡುಗಿ ಮತ್ತೆ ಇದೇ ಹಾಳೆ ಬರೀತಾಳೆ, ಇವಳು ಮಾತ್ರ ಜನ್ಮದಲ್ಲಿ ಬರೆಯಲ್ಲ, ಇವಳು ಇಲ್ಲೇ ಇರಲಿ ಅಂದ್ರು.’

ಹೊರಗೆ ಬಂದು ಆ ಬೀದಿಯ ಕೊನೆಯವರೆಗೆ ನಡೆಯುವಷ್ಟರಲ್ಲಿ ನನಗೆ ಕಣ್ಣು ಮಂಜಾಗಿತ್ತು. ನಾನು ತಪ್ಪಿಸಿಕೊಂಡೆ ಎಂದುಕೊಂಡಿದ್ದೆ. ಅವರು ನನ್ನನ್ನು ಉಳಿಸಿಕೊಂಡಿದ್ದರು, ಇನ್ನು ಬರಲಿರುವ ಬಸುರಿಯರಿಗಾಗಿ.

ಆದ್ದರಿಂದ ಸಂಪಾದಕ ಸಮಿತಿಯವರಲ್ಲಿ ನನ್ನ ವಿನಂತಿ: ಆ ಒಣ ಸಾಲನ್ನು ಹಾಗೆಯೇ ಅಚ್ಚು ಹಾಕಿ, ಪಕ್ಕದಲ್ಲೇ ಈ ಲೇಖನವನ್ನೂ ಹಾಕಿ. ತಪ್ಪು ನನ್ನದೆಂದು ಸಹಿ ಮಾಡಿದ ಪತ್ರವನ್ನು ಇಂದಿನ ಅಧೀಕ್ಷಕರಿಗೆ ಕೊಟ್ಟಿದ್ದೇನೆ, ಅದರ ಪರಿಣಾಮ ಏನೇ ಬರಲಿ ಅದು ನನಗೆ ಬರಬೇಕಾದದ್ದು.

ಮೇಡಂ, ನಿಮಗೆ ಆಯುಸ್ಸು ಆರೋಗ್ಯಗಳು ತುಂಬಿ ಬರಲಿ, ಕಣ್ಣು ಕೈ ಗಟ್ಟಿಯಿರಲಿ, ಉದ್ದನೆಯ ಆ ಪುಸ್ತಕದ ಹಾಳೆಗಳು ಮುಗಿಯದಿರಲಿ. ನೀವು ಮನೆಯಲ್ಲಿ ಸುಮ್ಮನೆ ಕೂರುವವರಲ್ಲ, ಬೀದಿಯ ಬಸುರಿಯರು ಈಗಾಗಲೇ ನಿಮ್ಮ ಮನೆಯ ಬಾಗಿಲು ಕಂಡುಕೊಂಡಿದ್ದಾರೆಂದು ಕೇಳಿದ್ದೇನೆ. ಸಮಾರಂಭದ ಸಭೆಯಲ್ಲಿ ಈ ಲೇಖನವನ್ನು ನಾನೇ ನಿಂತು ಓದುತ್ತೇನೆ. ಮರುದಿನ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ನೀವು ಸ್ಟೂಲು ಎಳೆದುಕೊಂಡು, ಅಭ್ಯಾಸದಂತೆ, ನಿನ್ನೆಯದನ್ನು ಕೇಳಿ. ಇಪ್ಪತ್ತೊಂದು ವರ್ಷಗಳಲ್ಲಿ ಮೊದಲ ಸಲ ನಾನು ಏನನ್ನೂ ಬಿಡದೆ ಹೇಳಬಲ್ಲೆ.